ಎಂಜಿನ್ ನಿಂತರೂ ಗೇರು ನಿಲ್ಲದು

ಕೊಡಚಾದ್ರಿಗೋ ಮಾಂದಲಪಟ್ಟಿಗೋ ಹತ್ತುವ ಜೀಪು ನಡುದಾರಿಯಲ್ಲಿ ಕೆಟ್ಟು ನಿಂತರೆ ಮೊದಲು ಕೇಳಿಬರುವ ಮಾತು ‘ನ್ಯೂಟ್ರಲ್‌ಗೆ ಹಾಕಿ, ಹಗ್ಗ ಕಟ್ಟಿ ಎಳೀರಿ’. ಮಾಮೂಲಿ ಗೇರಿನ ಕಾರಿಗೆ ಇದು ಬಹುಮಟ್ಟಿಗೆ ಸರಿ. ಫೋರ್ ವೀಲ್ ಡ್ರೈವ್ ವಾಹನಕ್ಕೆ ಇಷ್ಟು ಸಾಲದು. ಸಣ್ಣ ರಿಪೇರಿಯಲ್ಲಿ ಮುಗಿಯಬೇಕಿದ್ದ ಕೆಲಸ ಗೇರ್‌ಬಾಕ್ಸ್ ಬಿಚ್ಚುವವರೆಗೂ ಹೋಗಬಹುದು.

ಇಂಥ ಜೀಪಿನಲ್ಲಿ ಗೇರ್‌ಬಾಕ್ಸಿನ ಬೆನ್ನಿಗೇ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಅಲ್ಲಿಂದ ಒಂದು ಶಾಫ್ಟ್ ಮುಂದಿನ ಆಕ್ಸಲ್‌ಗೆ, ಇನ್ನೊಂದು ಹಿಂದಿನದಕ್ಕೆ. ಗೇರನ್ನು ನ್ಯೂಟ್ರಲ್‌ಗೆ ತಂದರೆ ಕಡಿಯುವುದು ಎಂಜಿನ್ನಿನ ನಂಟು ಮಾತ್ರ. ಟ್ರಾನ್ಸ್‌ಫರ್ ಕೇಸಿನ ಲಿವರ್ ನಾಲ್ಕೂ ಚಕ್ರಕ್ಕೆ ಬಲ ಕೊಡುವ ‘4ಎಚ್’ನಲ್ಲೇ ಉಳಿದಿದ್ದರೆ ಎರಡೂ ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಈಗ ಟೋಯಿಂಗ್ ಗಾಡಿ ಮುಂದಿನ ಚಕ್ರಗಳನ್ನೆತ್ತಿ, ಬೆಲ್ಟಿನಿಂದ ಬಿಗಿದು ಹೊರಟಿತೆನ್ನಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹಿಂದಿನ ಚಕ್ರ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಆಕ್ಸಲ್‌ನ ಗೇರ್ ಅನುಪಾತ ನಾಲ್ಕು ಎಂದಿಟ್ಟುಕೊಂಡರೆ ಶಾಫ್ಟಿಗೆ 1,200 ಸುತ್ತು. ಅದು ಮುಂದಿನ ಚಕ್ರಗಳನ್ನೂ ತಿರುಗಿಸಲು ಹೊರಡುತ್ತದೆ, ಅವುಗಳನ್ನೋ ಕಟ್ಟಿಹಾಕಿದ್ದೇವೆ. ಹಿಂದಿನ ಟೈರು ರಸ್ತೆಗೆ ಉಜ್ಜಬಹುದು, ಜೀಪು ಕಟ್ಟು ಕಿತ್ತುಕೊಂಡು ಜಿಗಿಯಬಹುದು, ಒಳಗಿನ ಗೇರೋ ಚೈನೋ ಮುರಿಯಬಹುದು.

ಕೆಲವು ಆಲ್ ವೀಲ್ ಡ್ರೈವ್ ಕಾರುಗಳಲ್ಲಿ ಲಿವರೇ ಇಲ್ಲ, ವಿಸ್ಕಸ್ ಕಪ್ಲಿಂಗ್ ಇದೆ. ಅದರೊಳಗೆ ತೆಳು ಲೋಹದ ಬಿಲ್ಲೆಗಳು ಜೇನಿನಂತೆ ಮಂದವಾದ ಸಿಲಿಕೋನ್ ದ್ರವದಲ್ಲಿ ಮುಳುಗಿರುತ್ತವೆ. ತಿರುವಿನಲ್ಲಿ ಹಿಂದುಮುಂದಿನ ಚಕ್ರಗಳ ವೇಗ ತುಸು ಬೇರೆಯಾದರೆ ದ್ರವ ಅದನ್ನು ತಾಳಿಕೊಳ್ಳುತ್ತದೆ. ಒಂದು ಬದಿ ಪೂರಾ ನಿಂತು ಇನ್ನೊಂದು ಬದಿ ಓಡುತ್ತಲೇ ಇದ್ದರೆ ದ್ರವ ಕಾದು ಹಿಗ್ಗುತ್ತದೆ, ಒತ್ತಡವೇರಿ ಬಿಲ್ಲೆಗಳು ಅಂಟಿಕೊಂಡು ಕಪ್ಲಿಂಗ್ ಲಾಕ್ ಆಗುತ್ತದೆ. ಎಷ್ಟು ಜಾಣ ಯಂತ್ರ, ಎಷ್ಟು ಸುಲಭವಾಗಿ ಹಾಳಾಗುತ್ತದೆ! ಆಟೋಮ್ಯಾಟಿಕ್ ಗೇರ್ ಆಗಿದ್ದರೆ ಇನ್ನೊಂದು ಅಪಾಯ: ಸಾಮಾನ್ಯವಾಗಿ ಅದರ ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಗೇರುಗಳು ಎಣ್ಣೆಯಿಲ್ಲದೆ ಒಣಗಿ ಸವೆಯುತ್ತವೆ.

ಹಾಗಾಗಿ ಫ್ಲಾಟ್‌ಬೆಡ್ ಲಾರಿಯೇ ಸರಿ, ನಾಲ್ಕೂ ಚಕ್ರ ಅದರ ಮೇಲೇರಬೇಕು. ಬೆಟ್ಟದ ಕಲ್ಲುದಾರಿಗೆ ಆ ಲಾರಿ ಬರಲಾರದು, ನಿಜ. ಟಾರು ರಸ್ತೆಯವರೆಗೆ ಎಳೆಯಲೇಬೇಕಾದರೆ ಕೈಪಿಡಿ ಒಪ್ಪುವಂತೆ ಟ್ರಾನ್ಸ್‌ಫರ್ ಕೇಸನ್ನೂ ನ್ಯೂಟ್ರಲ್‌ಗೆ ತಂದು, ನಡಿಗೆಯ ವೇಗದಲ್ಲಿ ಎಳೆಯಬೇಕು. ಆದರೆ ಲಿವರ್ ಮುಟ್ಟುವ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಅಲ್ಲಿ ನ್ಯೂಟ್ರಲ್ ಆದಮೇಲೆ ಗಾಡಿ ಫಸ್ಟ್ ಗೇರಿನಲ್ಲಿದ್ದರೂ ಇಳಿಜಾರಿನಲ್ಲಿ ಉರುಳುತ್ತದೆ. ಸ್ಟೀರಿಂಗ್ ಲಾಕ್ ಬೀಳದಂತೆ ಕೀಲಿ ಆನ್ ಇರಲಿ. ಎಂಜಿನ್ ಇಲ್ಲದೆ ಕೆಲವೇ ಬಾರಿ ಒತ್ತಿದರೆ ಬ್ರೇಕಿನ ನಿರ್ವಾತದ ನೆರವು ಮುಗಿದು ಪೆಡಲ್ ಕಲ್ಲಾಗುತ್ತದೆ, ಆಗ ಕಾಲಿನ ಪೂರ್ತಿ ಬಲ ಹಾಕಬೇಕಾಗುತ್ತದೆ.

ಕೊನೆಯದು ಹಗ್ಗ. ಅದು ಎರಡರಷ್ಟು ಹಿಗ್ಗಿದರೆ ಒಳಗೆ ಕೂಡಿಡುವ ಶಕ್ತಿ ಸುಮಾರು ನಾಲ್ಕು ಪಟ್ಟು. ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಹಗ್ಗ ಸಿಕ್ಕಿಸಿ ಜಗ್ಗಿದರೆ ಆ ಉಕ್ಕಿನ ಗುಂಡು ಮುರಿದು ಹಾರಿ ಜೀವ ತೆಗೆಯಬಲ್ಲದು. ಚಾಸಿಗೆ ಭದ್ರವಾಗಿ ಕೂಡಿಸಿದ ಕೊಕ್ಕೆಗೇ ಕಟ್ಟಿ, ಹಗ್ಗದ ನಡುವೆ ದಪ್ಪ ಕಂಬಳಿ ಹಾಕಿ. ನೋಡಲು ಸೇರಿದವರನ್ನು, ಮಕ್ಕಳನ್ನಂತೂ ಮೊದಲೇ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸಿ.