ನಾಯಿ ಯಾಕೆ ಸುತ್ತುತ್ತದೆ?

ಬಸವಕಲ್ಯಾಣದ ಓಣಿಯಲ್ಲಾಗಲಿ, ಹುಮನಾಬಾದಿನ ಚಹಾದಂಗಡಿ ಮುಂದಾಗಲಿ ಒಂದು ನಿಮಿಷ ನಿಂತು ನೋಡಿ. ಮಲಗಲು ಹೊರಟ ನಾಯಿ ನೇರವಾಗಿ ಮಲಗುವುದಿಲ್ಲ. ನೆಲ ಮೂಸುತ್ತದೆ, ಕಾಲಿನಿಂದ ಕೆರೆಯುತ್ತದೆ, ಎರಡು ಮೂರು ಸುತ್ತು ಹಾಕಿ ಆಮೇಲೆ ಮುದುಡಿಕೊಳ್ಳುತ್ತದೆ. ಮಕ್ಕಳು ‘ಹೀಗೇಕೆ?’ ಎಂದರೆ ದೊಡ್ಡವರು ‘ಅದರ ಚಾಳಿ’ ಎಂದು ಸುಮ್ಮನಾಗುತ್ತಾರೆ. ಆದರೆ ಆ ಸುತ್ತಿಗೂ ಅರ್ಥವಿದೆ. ಕೆಲವೊಮ್ಮೆ ಅದು ಎಚ್ಚರಿಕೆಯೂ ಹೌದು.

ಹಳೆಯ ಅಭ್ಯಾಸ

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಸಂಗತಿ ಬರುತ್ತದೆ. ಕಾಡಿನಲ್ಲಿದ್ದ ಪೂರ್ವಜರು ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದ ರೂಢಿ, ಮನೆಯ ಜಮಖಾನೆಯ ಮೇಲೂ ಉಳಿದುಬಂದಿದೆ ಎಂಬುದು ಅವರ ಊಹೆ. ಬೇಸಿಗೆಯಲ್ಲಿ ಮಣ್ಣು ಕೆದರಿ ಮಲಗುವ ನಾಯಿ ತಂಪು ಹುಡುಕುತ್ತಿರುತ್ತದೆ.

ಮಲವಿಸರ್ಜನೆಗೆ ಮುಂಚೆ ಸುತ್ತುವುದೂ ಉಂಟು. 2013ರಲ್ಲಿ ಯುರೋಪಿನ ವಿಜ್ಞಾನಿಗಳು 70 ನಾಯಿಗಳನ್ನು ಗಮನಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ-ದಕ್ಷಿಣವಾಗಿ ನಿಲ್ಲಲು ಇಷ್ಟಪಡುತ್ತವೆ ಎಂದು ವರದಿ ಮಾಡಿದರು. ಇನ್ನು ಮರಿಗಳು ಬಾಲ ಹಿಡಿಯಲು ಗಿರಕಿ ಹೊಡೆಯುವುದು, ಯಜಮಾನ ಮನೆಗೆ ಬಂದಾಗ ಕುಣಿಯುವುದು ಬರೀ ಸಂತೋಷ. ಚಿಂತೆ ಬೇಡ.

ಚಿಂತಿಸಬೇಕಾದ್ದು ಯಾವಾಗ?

ನಾಯಿ ಒಂದೇ ಕಡೆಗೆ ಬಿಡದೆ ಸುತ್ತುತ್ತಿದ್ದರೆ, ತಲೆ ಓರೆಯಾಗಿದ್ದರೆ, ತೂರಾಡಿ ಬೀಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ತಲೆಗೆ ಪೆಟ್ಟು, ಮೆದುಳಿನ ಕಾಯಿಲೆ ಇವೆಲ್ಲ ಕಾರಣವಾಗಬಹುದು. ಹುಮನಾಬಾದ್ ಹೆದ್ದಾರಿಯ ಊರು. ವಾಹನ ತಾಗಿದ ನಾಯಿ ಹೊರಗೆ ಗಾಯವಿಲ್ಲದಿದ್ದರೂ ಒಳಗೆ ಪೆಟ್ಟು ತಿಂದಿರಬಹುದು. ಲಸಿಕೆ ಹಾಕಿಸದ ಮರಿಗಳಿಗೆ ಡಿಸ್ಟೆಂಪರ್ ಎಂಬ ವೈರಾಣು ರೋಗ ತಗಲಿದರೆ ನರಗಳೂ ಕೆಡುತ್ತವೆ. ಮುದಿ ನಾಯಿಗೆ ಒಳಕಿವಿಯ ಸಮತೋಲನ ಏಕಾಏಕಿ ತಪ್ಪುವುದುಂಟು. ನೋಡಲು ಭಯವಾದರೂ ಹಲವು ನಾಯಿಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದ ನಾಯಿ ಬೇಸರದಿಂದಲೂ ಬಾಲ ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಏಟಲ್ಲ, ಓಡಾಟ.

ಹುಚ್ಚುನಾಯಿಯೇ?

ಸುತ್ತಿದ ಮಾತ್ರಕ್ಕೆ ರೇಬೀಸ್ ಅಲ್ಲ. ಆದರೆ ಜೊಲ್ಲು ಸುರಿಸುತ್ತ, ದವಡೆ ಜೋತು, ದನಿ ಬದಲಾಗಿ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ ತೂರಾಡುವ ನಾಯಿಯ ಹತ್ತಿರ ಹೋಗಬಾರದು. ಕಲ್ಲೂ ಹೊಡೆಯಬಾರದು. ಹಿರಿಯರಿಗೆ ತಿಳಿಸಬೇಕು.

ಕಚ್ಚಿದರೆ, ಉಗುರು ತಾಗಿದರೆ ಅಥವಾ ಗಾಯದ ಮೇಲೆ ನಾಯಿ ನೆಕ್ಕಿದರೆ 15 ನಿಮಿಷ ಸಾಬೂನು, ಹರಿಯುವ ನೀರಿನಿಂದ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ 14 ಸೂಜಿ ಎಂಬ ಹೆದರಿಕೆ ಈಗ ಹಳೆಯ ಮಾತು. ಲಸಿಕೆಯನ್ನು ತೋಳಿಗೇ ಹಾಕುತ್ತಾರೆ. ಆಳವಾದ ಗಾಯಕ್ಕೆ ಪ್ರತ್ಯೇಕ ಔಷಧವೂ ಬೇಕಾಗುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ತೀರಾ ವಿರಳ. ಸಮಯಕ್ಕೆ ಲಸಿಕೆ ಪಡೆದರೆ ತಡೆಯಬಹುದು.

ತಂದೆತಾಯಿಗಳಿಗೊಂದು ಮಾತು. ಎಷ್ಟೋ ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ‘ಏನಾದರೂ ಮೊದಲು ನಮಗೆ ಹೇಳು, ಬಯ್ಯುವುದಿಲ್ಲ’ ಎಂದು ಇಂದೇ ಹೇಳಿಬಿಡಿ. ಸಾಕಿದ ನಾಯಿಗೆ ಲಸಿಕೆ ಹಾಕಿಸುವುದನ್ನೂ ಮರೆಯಬೇಡಿ. ಆಮೇಲೆ ಅದು ಮಲಗುವ ಮುನ್ನ ಮೂರು ಸುತ್ತು ಹಾಕಿದರೆ, ಮಕ್ಕಳೊಂದಿಗೆ ಕೂತು ನೆಮ್ಮದಿಯಿಂದ ನೋಡಬಹುದು.