ಮೋಡದ ಬಾಡಿಗೆ

ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರು ನಗರಕ್ಕೂ ಹರಿದು ಬಂದಿತು. ದೀಪ ಬೇಕೆಂದವನು ಮನೆಯ ಹಿತ್ತಲಿನಲ್ಲಿ ತನ್ನದೇ ಯಂತ್ರವನ್ನು ಹೂಡಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಗಣನೆಯ ಶಕ್ತಿಯೂ ಹೀಗೆಯೇ ಒಂದು ದಿನ ಸಾರ್ವಜನಿಕ ಸೌಕರ್ಯವಾದೀತೆಂದು ಅಮೆರಿಕದ ಗಣಕವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ಸೂಚಿಸಿದ್ದನು. 2006ರಲ್ಲಿ ಅಮೆಜಾನ್ ಸಂಸ್ಥೆಯು ಗಣಕಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2016ರಲ್ಲಿ ಮುಂಬಯಿಯಲ್ಲಿಯೂ ತನ್ನ ಕೇಂದ್ರವನ್ನು ತೆರೆಯಿತು. ಈ ವ್ಯವಸ್ಥೆಗೆ ‘ಕ್ಲೌಡ್’ ಎಂದು ಹೆಸರು. ಹೆಸರು ಮೋಡದ್ದಾದರೂ ವಸ್ತುವು ನೆಲದ ಮೇಲೆಯೇ, ಸಾಲುಸಾಲಾಗಿ ಯಂತ್ರಗಳನ್ನು ಪೇರಿಸಿದ ಕಟ್ಟಡಗಳಲ್ಲಿದೆ.

ವಿದ್ಯುತ್ತಿಗೂ ಇದಕ್ಕೂ ಒಂದು ಮುಖ್ಯವಾದ ಭೇದವುಂಟು. ಮನೆಯ ಮೀಟರು ಹರಿದ ವಿದ್ಯುತ್ತನ್ನು ಅಳೆಯುತ್ತದೆ; ಕ್ಲೌಡಿನ ಮೀಟರಾದರೋ ಬಹುಮಟ್ಟಿಗೆ ನಮಗಾಗಿ ಕಾದಿರಿಸಿದ್ದನ್ನು ಅಳೆಯುತ್ತದೆ. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಕಲ್ಪಿತ ಯಂತ್ರಗಳಾಗಿ ಪಾಲುಮಾಡಿ, ಪ್ರತಿಯೊಂದಕ್ಕೂ ಇಷ್ಟು ಸಂಸ್ಕಾರಕ, ಇಷ್ಟು ಸ್ಮೃತಿ ಎಂದು ಹಂಚಿರುತ್ತಾರೆ. ನಮ್ಮ ಪಾಲಿನ ಯಂತ್ರವು ಇಡೀ ರಾತ್ರಿ ಒಂದು ಲೆಕ್ಕವನ್ನೂ ಮಾಡದೆ ಸುಮ್ಮನಿದ್ದರೂ ಬಾಡಿಗೆ ಏರುತ್ತಲೇ ಇರುವುದು. ಮೈಸೂರಿನ ಟಾಂಗಾವನ್ನು ಬೆಳಗ್ಗೆ ಗೊತ್ತುಮಾಡಿ ಸಂಜೆಯವರೆಗೂ ಬಾಗಿಲಲ್ಲಿ ನಿಲ್ಲಿಸಿಕೊಂಡರೆ, ಕುದುರೆ ನಡೆಯಲಿಲ್ಲವೆಂದು ಟಾಂಗಾವಾಲನು ಹಣ ಬಿಡುವನೆ?

ಉದಾಹರಣೆಗಾಗಿ ಅಗ್ರಹಾರದಲ್ಲಿ, ವಾಣಿವಿಲಾಸ ಮಾರುಕಟ್ಟೆಯ ಆಸುಪಾಸಿನಲ್ಲಿ, ಒಂದು ವಸತಿಗೃಹವಿದೆಯೆಂದು ಭಾವಿಸೋಣ. ಕೊಠಡಿ ಕಾದಿರಿಸಲು ಅದಕ್ಕೊಂದು ಜಾಲತಾಣವಿದೆ. ವರ್ಷದ ಸಾಮಾನ್ಯ ದಿನಗಳಲ್ಲಿ ಒಂದು ಯಂತ್ರ ಸಾಕು. ದಸರೆಯ 10 ದಿನಗಳಲ್ಲಿ ನಾಲ್ಕು ಬೇಕು. ದಸರೆಯ ನೂಕುನುಗ್ಗಲಿಗೆ ಹೆದರಿದ ಮಾಲೀಕರು ನಾಲ್ಕನ್ನೂ ವರ್ಷವಿಡೀ ಇಟ್ಟುಕೊಂಡರೆ, 365 ದಿನಗಳಿಗೆ 1,460 ದಿನಗಳ ಬಾಡಿಗೆ ಬೀಳುತ್ತದೆ. ಬೇಕಾದಾಗ ಮಾತ್ರ ಹೆಚ್ಚಿಸಿಕೊಂಡರೆ 355ಕ್ಕೆ 40 ಸೇರಿ 395 ಮಾತ್ರ. ಉಳಿದ 1,065 ದಿನಗಳ ಬಾಡಿಗೆ ಶುದ್ಧ ನಷ್ಟ. ಸಣ್ಣ ಉದ್ಯಮದಲ್ಲಿ ಇದು ಒಬ್ಬ ನೌಕರನ ಸಂಬಳವನ್ನೇ ನುಂಗಿಬಿಡಬಹುದು.

ಕೆಲಸದ ಒತ್ತಡವನ್ನು ನೋಡಿಕೊಂಡು ಯಂತ್ರಗಳ ಸಂಖ್ಯೆಯನ್ನು ತಾನಾಗಿಯೇ ಏರಿಸಿ ಇಳಿಸುವ ಏರ್ಪಾಡು ಇಂದು ಎಲ್ಲ ದೊಡ್ಡ ಸಂಸ್ಥೆಗಳಲ್ಲಿಯೂ ದೊರೆಯುತ್ತದೆ. ಆದರೆ ಅದು ಮಂತ್ರದಂಡವಲ್ಲ. ಹೊಸ ಯಂತ್ರವು ಎಚ್ಚರಗೊಂಡು ಸಿದ್ಧವಾಗಲು ಕೆಲವು ನಿಮಿಷಗಳಾದರೂ ಬೇಕಾದೀತು. ಮಾಹಿತಿಯ ಭಂಡಾರವನ್ನು, ಅಂದರೆ ಡೇಟಾಬೇಸನ್ನು, ಅಷ್ಟು ಸುಲಭವಾಗಿ ಹಿಗ್ಗಿಸಿ ಕುಗ್ಗಿಸಲಾಗದು. ಜಂಬೂಸವಾರಿಯ ದಿನವು ಪಂಚಾಂಗದಲ್ಲಿ ಮೊದಲೇ ಗೊತ್ತಿರುವುದರಿಂದ, ಹಿಂದಿನ ದಿನವೇ ಯಂತ್ರಗಳನ್ನು ಎಬ್ಬಿಸಿಡುವುದು ಹೆಚ್ಚು ಕ್ಷೇಮ.

ಪರೀಕ್ಷೆಗೆಂದು ಇಟ್ಟ ಯಂತ್ರಗಳ ಕಥೆ ಇನ್ನೂ ವಿಚಿತ್ರ. ತಿಂಗಳಿಗೆ ಸರಾಸರಿ 730 ಗಂಟೆಗಳು. ತಂತ್ರಜ್ಞರು ದಿನಕ್ಕೆ 10 ಗಂಟೆಯಂತೆ 22 ದಿನ ದುಡಿದರೆ 220 ಗಂಟೆಯಾಯಿತು. ಮಿಕ್ಕ 510 ಗಂಟೆ ಆ ಯಂತ್ರ ಯಾರಿಗಾಗಿ ಎಚ್ಚರವಾಗಿರುತ್ತದೆ? ಸಂಜೆ ನಿಲ್ಲಿಸಿ ಬೆಳಗ್ಗೆ ಹೊರಡಿಸುವ ಕೆಲಸವನ್ನು ವೇಳಾಪಟ್ಟಿಗೆ ಒಪ್ಪಿಸಿದರೆ ಈ ಬಾಬತ್ತಿನಲ್ಲಿ ನೂರಕ್ಕೆ 70ರಷ್ಟು ಉಳಿಯುತ್ತದೆ. ಇಷ್ಟು ಸರಳವಾದ ಉಪಾಯವನ್ನು ಬಿಟ್ಟು ದೊಡ್ಡ ದೊಡ್ಡ ಯೋಜನೆಗಳನ್ನು ಹುಡುಕುವವರನ್ನು ಕಂಡರೆ ಆಶ್ಚರ್ಯವಾಗದಿರದು.

ಯಂತ್ರವನ್ನು ನಿಲ್ಲಿಸಿದೊಡನೆ ಖರ್ಚೆಲ್ಲವೂ ನಿಂತಿತೆಂದು ವಾಚಕರು ಭಾವಿಸಬಾರದು. ಅದಕ್ಕೆ ಜೋಡಿಸಿದ ಡಿಸ್ಕು ಮಾಹಿತಿಯನ್ನು ಹೊತ್ತುಕೊಂಡೇ ಇರುವುದರಿಂದ ಅದರ ಬಾಡಿಗೆ ಮುಂದುವರಿಯುತ್ತದೆ. ಯಂತ್ರವನ್ನು ಅಳಿಸಿಹಾಕಿದರೂ ಕೆಲವೊಮ್ಮೆ ಡಿಸ್ಕು ಅನಾಥವಾಗಿ ಉಳಿದು, ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಹಣ ತಿನ್ನುತ್ತಿರುತ್ತದೆ. ಅಂತರಜಾಲದ ಸಾರ್ವಜನಿಕ ವಿಳಾಸಕ್ಕೂ ಅಮೆಜಾನ್ ಸಂಸ್ಥೆ 2024ರ ಫೆಬ್ರವರಿಯಿಂದ ಗಂಟೆಗೆ ಅರ್ಧ ಸೆಂಟ್ ದರ ವಿಧಿಸಿದೆ. ಅಲ್ಪವೆಂದು ತೋರಿದರೂ ಒಂದು ವಿಳಾಸಕ್ಕೆ ತಿಂಗಳಿಗೆ 3.65 ಡಾಲರ್ ಆಗುತ್ತದೆ. ಮರೆತುಬಿಟ್ಟ ವಿಳಾಸಗಳು ಇಪ್ಪತ್ತಿದ್ದರೆ 73 ಡಾಲರ್. ಯಂತ್ರಗಳು ಬರೆದಿಡುವ ದಿನಚರಿಯ ದಾಖಲೆಗಳೂ ಹಾಗೆಯೇ: ಇಷ್ಟು ದಿನದ ಮೇಲೆ ಅಳಿಸು ಎಂದು ನಾವಾಗಿ ಹೇಳದಿದ್ದರೆ ಅವು ಬೆಳೆಯುತ್ತಲೇ ಹೋಗುವುದುಂಟು.

ಒಳಕ್ಕೆ ಬರುವ ಮಾಹಿತಿಗೆ ಸಾಮಾನ್ಯವಾಗಿ ಸುಂಕವಿಲ್ಲ. ಹೊರಕ್ಕೆ ಹೋಗುವುದಕ್ಕೆ ಉಂಟು. ನಮ್ಮ ವಸತಿಗೃಹದ ತಾಣದಲ್ಲಿ ಕೊಠಡಿಗಳ 10 ಚಿತ್ರಗಳಿದ್ದು, ಒಂದೊಂದೂ 4 ಮೆಗಾಬೈಟ್ ತೂಗುತ್ತದೆಂದಿಟ್ಟುಕೊಳ್ಳಿ. ದಿನಕ್ಕೆ 1,000 ಜನ ನೋಡಿದರೆ 40 ಗಿಗಾಬೈಟ್, ತಿಂಗಳಿಗೆ 1,200. ಅದೇ ಚಿತ್ರಗಳನ್ನು ತಲಾ 200 ಕಿಲೋಬೈಟಿಗೆ ಇಳಿಸಿದರೆ ತಿಂಗಳಿಗೆ 60 ಗಿಗಾಬೈಟ್ ಮಾತ್ರ. ಮೊಬೈಲಿನಲ್ಲಿ ನೋಡುವವನಿಗೆ ವ್ಯತ್ಯಾಸವೇ ತಿಳಿಯಲಾರದು. ಅಮೆಜಾನಿನಲ್ಲಿ ಮೊದಲ 100 ಗಿಗಾಬೈಟಿಗೆ ಈ ಸುಂಕವಿಲ್ಲವಾದುದರಿಂದ ಈ ಒಂದು ಬಾಬತ್ತು ಪೂರ್ತಿಯಾಗಿಯೇ ಮಾಯವಾಗುತ್ತದೆ.

ಒಂದು ಅಥವಾ ಮೂರು ವರ್ಷಗಳ ಬಾಡಿಗೆಗೆ ಮುಂಗಡವಾಗಿ ಬದ್ಧರಾದರೆ ಸಂಸ್ಥೆಗಳು ದರದಲ್ಲಿ ಗಣನೀಯ ರಿಯಾಯಿತಿ ಕೊಡುತ್ತವೆ. ಇಲ್ಲಿ ಕ್ರಮ ತಪ್ಪಬಾರದು. ಮೊದಲು ವ್ಯರ್ಥವನ್ನು ಕಡಿಯಬೇಕು, ಅನಂತರ ಬದ್ಧರಾಗಬೇಕು. ನಾಲ್ಕು ಯಂತ್ರಗಳಿಗೆ ಬದ್ಧರಾದ ಮೇಲೆ ಒಂದೇ ಸಾಕೆಂದು ತಿಳಿದರೆ ಮೂರರ ಬಾಡಿಗೆ ಕೊರಳಿಗೆ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ವರ್ಷವಿಡೀ ನಡೆಯುವ ಆ ಒಂದಕ್ಕೆ ಮಾತ್ರ ಕರಾರು ತಕ್ಕದ್ದು.

ವೆಚ್ಚವು ಇಂತಿಷ್ಟು ಮೀರಿದರೆ ಎಚ್ಚರಿಸುವ ಸೌಲಭ್ಯವೂ ಇದೆ. ಆದರೆ ಸಾಮಾನ್ಯವಾಗಿ ಅದು ಪತ್ರ ಬರೆಯುತ್ತದೆಯೇ ಹೊರತು ಯಂತ್ರವನ್ನು ನಿಲ್ಲಿಸುವುದಿಲ್ಲ; ಆ ಪತ್ರವನ್ನು ಓದುವ ಹೊಣೆ ಯಾರದೆಂದು ಕಚೇರಿಯಲ್ಲಿ ಮೊದಲೇ ಗೊತ್ತಾಗಿರಬೇಕು.

ಬಾಡಿಗೆಯ ಮನೆಯನ್ನೇ ಬಿಟ್ಟವರೂ ಉಂಟು. ಕಡತಗಳನ್ನು ಕಾಪಾಡುವ ಡ್ರಾಪ್‌ಬಾಕ್ಸ್ ಸಂಸ್ಥೆಯು 2015–16ರ ಸುಮಾರಿಗೆ ತನ್ನ ಬಹುಪಾಲು ಮಾಹಿತಿಯನ್ನು ಅಮೆಜಾನಿನಿಂದ ಸ್ವಂತ ಯಂತ್ರಗಳಿಗೆ ಸಾಗಿಸಿ, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತು. ಆದರೆ ಅದರ ಹೊರೆ ಬೃಹತ್ತಾದುದು, ವರ್ಷದ ಎಲ್ಲ ದಿನಗಳಲ್ಲಿಯೂ ಇರುವಂಥದು. ದಸರೆಗೆ ಉಬ್ಬಿ ಆಷಾಢಕ್ಕೆ ಇಳಿಯುವ ಅಗ್ರಹಾರದ ವಸತಿಗೃಹಕ್ಕೆ ಬಾಡಿಗೆಯೇ ಲೇಸು.