‘ಅಡ್ಜಸ್ಟ್’ ಮಾಡದ ಹೋಟೆಲು: ಯಶವಂತಪುರದ ಲಾಡ್ಜು, ಬ್ರಿಟನ್ನಿನ ಚೈನು ಮತ್ತು ಒಂದು ರೂಮಿನ ಹಕ್ಕು

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆ. ಯಶವಂತಪುರದಲ್ಲಿ ರೈಲು ತಪ್ಪಿಹೋಗಿತ್ತು. ಮುಂದಿನದು ಬೆಳಗಿನ ಜಾವಕ್ಕೆ. ಅಮ್ಮನಿಗೆ ಮಂಡಿನೋವು. ಯಲಹಂಕದ ಮನೆಗೆ ಹೋಗಿ ಮತ್ತೆ ನಾಲ್ಕಕ್ಕೆ ಹೊರಡೋದಕ್ಕಿಂತ ಸ್ಟೇಷನ್ ಪಕ್ಕದಲ್ಲೇ ಒಂದು ರೂಮು ತಗೊಳ್ಳೋಣ ಅಂದುಕೊಂಡೆ. ಲಾಡ್ಜಿನ ಹುಡುಗ ಆಧಾರ್ ಕಾರ್ಡ್ ನೋಡಿ, "ಲೋಕಲ್ ಐಡಿಗೆ ರೂಮ್ ಕೊಡಲ್ಲ ಸಾರ್" ಅಂದ. ಯಾಕಪ್ಪಾ ಅಂತ ಕೇಳಿದರೆ, "ಓನರ್ ರೂಲ್ಸು". ಎರಡನೇ ಲಾಡ್ಜಿನಲ್ಲೂ ಇದೇ ಉತ್ತರ. ಮೂರನೆಯವನು ಅಮ್ಮನ ಮುಖ ನೋಡಿದ. "ಆಯ್ತು, ಫ್ಯಾಮಿಲಿ ಅಲ್ವಾ, ಅಡ್ಜಸ್ಟ್ ಮಾಡ್ತೀನಿ" ಅಂತ ಇನ್ನೂರು ರೂಪಾಯಿ ಜಾಸ್ತಿ ತಗೊಂಡ, ನೆಲಕ್ಕೊಂದು ಹಾಸಿಗೆಯನ್ನೂ ಕೊಟ್ಟ. ಆವತ್ತು ಅವನ ಮೇಲೆ ಕೃತಜ್ಞತೆಯೇ ಹುಟ್ಟಿತ್ತು.

ಕಳೆದ ಬೇಸಿಗೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಎಂಟು ವರ್ಷದ ಮಗಳ ಜೊತೆ ಹತ್ತು ದಿನ ಬ್ರಿಟನ್ ಸುತ್ತಿದೆ. ಲಂಡನ್, ಯಾರ್ಕ್, ಎಡಿನ್‌ಬರೊ. ಎಂಜಿನಿಯರಿಂಗ್ ಬಿಟ್ಟರೂ ಎಕ್ಸೆಲ್ ಶೀಟ್ ಬಿಟ್ಟಿಲ್ಲ ನೋಡಿ, ಹೊರಡುವ ಮುಂಚೆ ಅಲ್ಲಿನ ಚೈನ್ ಹೋಟೆಲುಗಳನ್ನೆಲ್ಲ ಸಾಲಾಗಿ ಹಾಕಿ ಹೋಲಿಸಿದೆ. ಅಗ್ಗದ ರೂಮು ಹುಡುಕಲು ಶುರು ಮಾಡಿದ ಆ ಲೆಕ್ಕ, ಕೊನೆಗೆ ಯಶವಂತಪುರದ ಆ ರಾತ್ರಿಗೇ ವಾಪಸ್ ಬಂತು.

ಮೊದಲು ಹೋಲಿಕೆ. ಮಧ್ಯಮ ವರ್ಗದ ಬಜೆಟ್ಟಿಗೆ ಅಲ್ಲಿ ಎದುರಾಗುವ ದೊಡ್ಡ ಹೆಸರುಗಳು ಎರಡು. ಒಂದು ಪ್ರೀಮಿಯರ್ ಇನ್. ಇದರ ಮಾಲೀಕ ಕಂಪನಿ ವಿಟ್‌ಬ್ರೆಡ್, 1742ರಲ್ಲಿ ಬಿಯರ್ ತಯಾರಿಸಲು ಹುಟ್ಟಿದ ಸಂಸ್ಥೆ. ಇನ್ನೊಂದು ಟ್ರಾವೆಲಾಡ್ಜ್, 1985ರಲ್ಲಿ ಹೆದ್ದಾರಿ ಪಕ್ಕದ ತಂಗುದಾಣವಾಗಿ ಶುರುವಾದದ್ದು. ಎರಡರಲ್ಲೂ ‘ಫ್ಯಾಮಿಲಿ ರೂಮ್’ ಅಂದರೆ ಇಬ್ಬರು ದೊಡ್ಡವರು, ಹದಿನಾರರೊಳಗಿನ ಇಬ್ಬರು ಮಕ್ಕಳು. ದೊಡ್ಡವರೊಬ್ಬರು ದುಡ್ಡು ಕೊಟ್ಟು ತಿಂಡಿ ತಿಂದರೆ ಇಬ್ಬರು ಮಕ್ಕಳಿಗೆ ತಿಂಡಿ ಫ್ರೀ. ಹಾಲಿಡೇ ಇನ್ ಎಕ್ಸ್‌ಪ್ರೆಸ್‌ನಲ್ಲಿ ತಿಂಡಿ ಬಾಡಿಗೆಯಲ್ಲೇ ಸೇರಿರುತ್ತದೆ. ಹಾಗಾಗಿ ರಾತ್ರಿಯ ಬಾಡಿಗೆ ಜಾಸ್ತಿ ಕಂಡರೂ ಐದು ಜನರ ತಿಂಡಿ ಲೆಕ್ಕ ಹಾಕಿದಾಗ ಕೆಲವು ಊರುಗಳಲ್ಲಿ ಅದೇ ಅಗ್ಗ ಬಿತ್ತು. ತೋರಿಸಿದ ಬೆಲೆಯಲ್ಲಿ ಶೇ. 20ರ ವ್ಯಾಟ್ ಕೂಡ ಸೇರಿಯೇ ಇರುತ್ತದೆ. ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಕಡ್ಡಾಯ ಶುಲ್ಕ ಸೇರಿಸುವ ಆಟವನ್ನು ಅಲ್ಲಿನ ಕಾನೂನು 2025ರ ಏಪ್ರಿಲ್‌ನಿಂದ ನೇರವಾಗಿಯೇ ನಿಷೇಧಿಸಿದೆ. ನಮ್ಮಲ್ಲೂ 2023ರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ ಪಟ್ಟಿಯಲ್ಲಿ ಇದು ಇದೆ. ಆದರೂ ಯಾವುದಾದರೂ ಬುಕಿಂಗ್ ಆ್ಯಪ್ ತೆರೆದು ಮೊದಲ ಪುಟದ ಬೆಲೆಗೂ ಕೊನೆಯ ಪುಟದ ಬೆಲೆಗೂ ತಾಳೆ ಹಾಕಿ ನೋಡಿ.

ನಮ್ಮ ಸಮಸ್ಯೆ ಬೇರೆಯೇ ಇತ್ತು. ನಾವು ಐದು ಜನ. ಅಜ್ಜ-ಅಜ್ಜಿ ಆ ‘ಫ್ಯಾಮಿಲಿ’ಯ ಲೆಕ್ಕದಲ್ಲಿ ಇಲ್ಲ. ಯಾರ್ಕ್‌ನಲ್ಲಿ ಕೌಂಟರಿನ ಹುಡುಗಿಯನ್ನು, ಒಂದು ಎಕ್ಸ್‌ಟ್ರಾ ಹಾಸಿಗೆ ಹಾಕಿಕೊಡ್ತೀರಾ ಅಂತ ಕೇಳಿದೆ. ಆಗಲ್ಲ, ಈ ರೂಮಿಗೆ ಇಷ್ಟೇ ಜನ, ಬೆಂಕಿ ಸುರಕ್ಷತೆಯ ನಿಯಮ ಅಂದಳು. ನಗುತ್ತಲೇ ಅಂದಳು, ಆದರೆ ಬಗ್ಗಲಿಲ್ಲ. ಎರಡು ರೂಮಿನ ದುಡ್ಡು ಹೋಯಿತು. "ಇದೇನೋ, ಒಂದು ಚಾಪೆ ಕೊಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು?" ಅಂತ ಅಮ್ಮ ಗೊಣಗಿದರು.

ಅದೇ ಹುಡುಗಿ ನಮ್ಮನ್ನು ಇನ್ನೇನೂ ಕೇಳಲಿಲ್ಲ ಅನ್ನೋದು ನನಗೆ ಹೊಳೆದದ್ದು ರಾತ್ರಿ ಮಲಗಿದಾಗ. ಬ್ರಿಟನ್ನಿನಲ್ಲಿ ಹೋಟೆಲ್ ದಾಖಲೆಗೆ 1972ರ ಒಂದು ಆದೇಶವಿದೆ. ಹದಿನಾರು ದಾಟಿದ ಪ್ರತಿಯೊಬ್ಬರೂ ಹೆಸರು, ರಾಷ್ಟ್ರೀಯತೆ ಕೊಡಬೇಕು. ಬೇರೆ ವಿದೇಶಿಯರು ಪಾಸ್‌ಪೋರ್ಟ್ ವಿವರವನ್ನೂ ಕೊಡಬೇಕು, ಕಾಮನ್‌ವೆಲ್ತ್ ಪ್ರಜೆಗಳಿಗೆ, ಅಂದರೆ ನಮಗೆ, ಅದೂ ಬೇಡ. ಮದುವೆ ಆಗಿದೆಯಾ, ಯಾವ ಊರು, ಯಾವ ಜನ ಅಂತ ಯಾರೂ ಕೇಳಲಿಲ್ಲ. ಚಾಪೆ ಕೊಡದ ನಿಯಮದ ಇನ್ನೊಂದು ಮುಖ ಇದು. ಕೌಂಟರಿನಲ್ಲಿ ಕೂತವರಿಗೆ ಚಾಪೆ ಕೊಡುವ ಸ್ವಾತಂತ್ರ್ಯ ಇಲ್ಲ, ರೂಮು ಕೊಡದಿರುವ ಸ್ವಾತಂತ್ರ್ಯವೂ ಇಲ್ಲ.

ಹಾಗಂತ ಬ್ರಿಟಿಷರು ಹುಟ್ಟಾ ಒಳ್ಳೆಯವರು ಅಂದುಕೊಳ್ಳಬೇಡಿ. 1943ರಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್‌ನಲ್ಲಿ ಆಡಲು ಹೆಂಡತಿ, ಮಗಳ ಜೊತೆ ಲಂಡನ್ನಿಗೆ ಬಂದರು. ರಸೆಲ್ ಸ್ಕ್ವೇರ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಮೊದಲೇ ಬುಕಿಂಗ್ ಆಗಿತ್ತು. ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಇಷ್ಟವಾಗೋದಿಲ್ಲ ಎಂಬ ನೆಪದಲ್ಲಿ, ಕರಿಯರಾದ ಅವರನ್ನು ಉಳಿಸಿಕೊಳ್ಳಲು ಹೋಟೆಲು ಒಪ್ಪಲಿಲ್ಲ. ಅವರು ಕೋರ್ಟಿಗೆ ಹೋದರು. ವರ್ಣಭೇದದ ವಿರುದ್ಧ ಆಗ ಕಾನೂನೇ ಇರಲಿಲ್ಲ. ಬಂದ ಪ್ರಯಾಣಿಕನಿಗೆ ಸಕಾರಣವಿಲ್ಲದೆ ತಂಗುದಾಣ ನಿರಾಕರಿಸುವಂತಿಲ್ಲ ಎಂಬ ಹಳೆಯ ನಿಯಮದ ಮೇಲೆ 1944ರಲ್ಲಿ ಗೆದ್ದರು. ಪರಿಹಾರ ಐದೇ ಗಿನಿ. ಹೋಟೆಲುಗಳಲ್ಲಿ ವರ್ಣಭೇದ ಕಾನೂನುಬಾಹಿರವಾದದ್ದು 1965ರ ಕಾಯ್ದೆಯಲ್ಲಿ. ಇವತ್ತು ಅದು 2010ರ ಸಮಾನತೆ ಕಾಯ್ದೆಯಾಗಿ ಬೆಳೆದಿದೆ. ಗಲಾಟೆ, ಕೇಸು, ಕಾಯ್ದೆ ಎಲ್ಲ ಆದಮೇಲೆ ಹುಟ್ಟಿದ ಸಭ್ಯತೆ ಅದು.

ಅದೂ ಪೂರ್ತಿ ಅಲ್ಲ. 2024ರ ಆಗಸ್ಟ್‌ನಲ್ಲಿ ರಾದರಮ್ ಹತ್ತಿರ, ಆಶ್ರಯ ಕೋರಿ ಬಂದವರನ್ನು ಇರಿಸಿದ್ದ ಹಾಲಿಡೇ ಇನ್ ಎಕ್ಸ್‌ಪ್ರೆಸ್ ಮೇಲೆ ವಲಸೆ ವಿರೋಧಿ ಗುಂಪು ದಾಳಿ ಮಾಡಿ ಬೆಂಕಿ ಹಚ್ಚಲು ನೋಡಿತು. ನಾನು ತಿಂಡಿ ಲೆಕ್ಕ ಹಾಕಿದ ಅದೇ ಚೈನು. ದುಡ್ಡು ಕೊಟ್ಟು ಬಂದ ಕಂದು ಬಣ್ಣದವನು ಗ್ರಾಹಕ, ಪ್ರಾಣ ಉಳಿಸಿಕೊಳ್ಳಲು ಬಂದವನು ಶತ್ರು.

ಈಗ ನಮ್ಮೂರಿಗೆ ಬರೋಣ. ಇಲ್ಲಿ ಚೈನ್ ಬಂದಿಲ್ಲವಾ? ಬಂದಿದೆ. ಟಾಟಾ ಸಮೂಹದ ಜಿಂಜರ್, ‘ಇಂಡಿಒನ್’ ಹೆಸರಲ್ಲಿ 2004ರಲ್ಲಿ ಶುರುವಾದದ್ದೇ ವೈಟ್‌ಫೀಲ್ಡ್‌ನಲ್ಲಿ. ಪ್ರೀಮಿಯರ್ ಇನ್ ಕೂಡ ವೈಟ್‌ಫೀಲ್ಡ್‌ಗೆ ಬಂದಿತ್ತು, 2016ರಲ್ಲಿ ಕಂಪನಿ ಭಾರತದಿಂದ ಹೊರಡುವ ತೀರ್ಮಾನ ಪ್ರಕಟಿಸಿತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋದ ಮೇಲೆ ಹೆಬ್ಬಾಳದ ಸುತ್ತ, ಬಳ್ಳಾರಿ ರಸ್ತೆಯುದ್ದಕ್ಕೂ ದೊಡ್ಡ ಬ್ರ್ಯಾಂಡುಗಳು ಎದ್ದವು. ಆದರೆ ಅಲ್ಲಿನ ಗಿರಾಕಿ ಹೆಚ್ಚಾಗಿ ಕಂಪನಿ ಬಿಲ್ಲಿನಲ್ಲಿ ಬರುವವನು. ಏರೋ ಇಂಡಿಯಾ ವಾರದಲ್ಲಂತೂ ನಮ್ಮ ಯಲಹಂಕದ ಸಾಧಾರಣ ರೂಮಿನ ಬೆಲೆಯೂ ವಿಮಾನದ ಜೊತೆಗೇ ಹಾರುತ್ತದೆ. ಮಂಡಿನೋವಿನ ಅಮ್ಮನಿಗೆ ಉಳಿಯುವುದು ಸ್ಟೇಷನ್ ಪಕ್ಕದ ಲಾಡ್ಜು, ಇಲ್ಲವೇ ಆ್ಯಪ್‌ನ ಬೋರ್ಡು ತಗುಲಿಸಿಕೊಂಡ ಅದೇ ಲಾಡ್ಜು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ವಿಟ್‌ಬ್ರೆಡ್ ತನ್ನ ಹೋಟೆಲುಗಳನ್ನು ತಾನೇ ನಡೆಸುತ್ತದೆ. ನಿಯಮವೂ ಅದರದ್ದೇ, ಹೊಣೆಯೂ ಅದರದ್ದೇ. ನಮ್ಮ ಆ್ಯಪ್ ಮಾದರಿಯಲ್ಲಿ ಬೋರ್ಡು ಒಬ್ಬರದು, ಕಟ್ಟಡ ಇನ್ನೊಬ್ಬರದು. ಆ್ಯಪ್‌ನಲ್ಲಿ ಬುಕ್ ಆದ ರೂಮು ಕೌಂಟರಿನಲ್ಲಿ ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. 2025ರ ಜನವರಿಯಲ್ಲಿ ಓಯೋ, ಮದುವೆಯಾಗದ ಜೋಡಿಗಳನ್ನು ನಿರಾಕರಿಸುವ ತೀರ್ಮಾನವನ್ನು ಮೀರತ್‌ನ ತನ್ನ ಪಾಲುದಾರ ಹೋಟೆಲುಗಳ ವಿವೇಚನೆಗೇ ಬಿಟ್ಟಿತು. ಸ್ಥಳೀಯ ಭಾವನೆ ಅಂತ ಕಾರಣ ಕೊಟ್ಟಿತು.

ಸಂವಿಧಾನದ 15(2)ನೇ ವಿಧಿ ಹೋಟೆಲುಗಳ ಹೆಸರು ಹೇಳಿಯೇ, ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ ಎನ್ನುತ್ತದೆ. ಅಸ್ಪೃಶ್ಯತೆಯ ಆಚರಣೆಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ಆದರೆ ಖಾಸಗಿಯವರ ಎಲ್ಲ ಬಗೆಯ ತಾರತಮ್ಯವನ್ನೂ ಒಟ್ಟಿಗೆ ಹಿಡಿಯುವ ಕಾಯ್ದೆ ನಮ್ಮಲ್ಲಿಲ್ಲ. ಶಶಿ ತರೂರ್ 2017ರಲ್ಲಿ ಅಂಥದ್ದೊಂದು ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ.

ಆರ್‌.ಟಿ. ನಗರದ ನನ್ನ ಗೆಳೆಯನೊಬ್ಬ ಮುಸ್ಲಿಂ. ಯಶವಂತಪುರದ ಕಥೆ ಹೇಳಿದಾಗ ಅವನು ನಕ್ಕ. "ನಿನಗೆ ಮೂರನೇ ಲಾಡ್ಜಲ್ಲಿ ಸಿಕ್ತು. ನನ್ನ ಹೆಸರು ಓದಿದ ಮೇಲೆ ರೂಮ್ ಫುಲ್ ಆಗ್ತದೆ ಮಗಾ" ಅಂದ. ನನಗೆ ಆವತ್ತು ಸಿಕ್ಕ ‘ಅಡ್ಜಸ್ಟ್’ ಹಕ್ಕಲ್ಲ, ಕೃಪೆ. ಅಮ್ಮನ ಮುಖಕ್ಕೆ, ಹಣೆಯ ಕುಂಕುಮಕ್ಕೆ, ನಮ್ಮ ಹೆಸರಿಗೆ ಸಿಕ್ಕ ರಿಯಾಯಿತಿ. ಒಬ್ಬರಿಗೆ ಚಾಪೆ ಕೊಡುವ ಅದೇ ವಿವೇಚನೆ ಇನ್ನೊಬ್ಬರಿಗೆ ಬಾಗಿಲು ಹಾಕುತ್ತದೆ.

ಪರಿಹಾರಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಪಾಲಿಕೆ ಕೊಡುವ ಟ್ರೇಡ್ ಲೈಸೆನ್ಸ್‌ನಲ್ಲಿ ಒಂದು ಷರತ್ತು ಸಾಕು: ಯಾರಿಗೆ, ಯಾವ ಕಾನೂನಿನಡಿ ರೂಮು ನಿರಾಕರಿಸುತ್ತೀರಿ ಅಂತ ಕೌಂಟರಿನಲ್ಲಿ ಕನ್ನಡದಲ್ಲಿ ಬೋರ್ಡು ಹಾಕಿ. ನಿರಾಕರಿಸಿದರೆ ಕಾರಣ ಬರೆದುಕೊಡಿ. ಬಾಯಲ್ಲಿ ಸಲೀಸಾಗಿ ಹೇಳುವ ಎಷ್ಟೋ ‘ಓನರ್ ರೂಲ್ಸ್’ ಬರವಣಿಗೆಯಲ್ಲಿ ಬರೋಕೇ ನಾಚಿಕೊಳ್ಳುತ್ತವೆ. ಅಲ್ಲಿಯವರೆಗೆ ಮುಂದಿನ ಸಲ ನಿಮ್ಮ ಮುಂದೆ ಯಾರಿಗಾದರೂ "ರೂಮ್ ಇಲ್ಲ" ಅಂದಮೇಲೆ ನಿಮಗೆ ಕೀ ಸಿಕ್ಕರೆ, ಒಂದು ನಿಮಿಷ ನಿಂತು ಯಾಕೆ ಅಂತ ಕೇಳಿ.